ಕೈಪಿಡಿಯ ವಿವೇಕ: ಹೇಳಬೇಕಾದುದು, ಹೊರಗಿಡಬೇಕಾದುದು

ತಾಂತ್ರಿಕ ಬರವಣಿಗೆಯಲ್ಲಿ ಪದಗಳ ಆಯ್ಕೆಗಿಂತ ಮೊದಲು ವಿಷಯದ ಆಯ್ಕೆ ನಡೆಯಬೇಕು. ಇದಕ್ಕೆ ಕಂಪೈಲರಿನ ಕೈಪಿಡಿ ಒಳ್ಳೆಯ ನಿದರ್ಶನ.

ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಬಿಡುಗಡೆ ಮಾಡಿದ ‘ಜಿಸಿಸಿ’ ಇವುಗಳಲ್ಲಿ ಪ್ರಸಿದ್ಧವಾದುದು. ಅದಕ್ಕೆ ಕೊಡಬಹುದಾದ ಆಯ್ಕೆಗಳಲ್ಲಿ ಎರಡು ಬಗೆಗಳುಂಟು.

1. ಬಳಕೆದಾರನ ಆಯ್ಕೆ: ‘ಓ2’ ಎಂದರೆ ಪ್ರೋಗ್ರಾಮು ವೇಗವಾಗಿ ನಡೆಯುವಂತೆ ಪರಿಷ್ಕರಿಸು ಎಂದು ತಾತ್ಪರ್ಯ. ಪರಿಷ್ಕಾರದ ಒಳವಿಧಾನ ಬದಲಾದರೂ ಈ ತಾತ್ಪರ್ಯ ಬದಲಾಗದು.

2. ಒಳಗಿನ ಆಯ್ಕೆ: ‘ಪ್ಯಾರಾಮ್’ ಗುಂಪಿನವು ಇಂಥವು. ಎಷ್ಟು ದೊಡ್ಡ ಫಂಕ್ಷನ್ನನ್ನು ಅದನ್ನು ಕರೆದ ಸ್ಥಳದಲ್ಲಿಯೇ ಬಿಡಿಸಿ ಸೇರಿಸಬಹುದು ಎಂಬಂತಹ ಮಿತಿಗಳನ್ನು ಇವು ನಿಗದಿಪಡಿಸುತ್ತವೆ. ಒಳರಚನೆ ಬದಲಾದರೆ ಇವುಗಳ ಹೆಸರೂ ಅರ್ಥವೂ ಬದಲಾಗಬಹುದು.

ಎರಡನೆಯ ಬಗೆಯನ್ನೂ ಕೈಪಿಡಿಯಲ್ಲಿ ವಿವರಿಸಿದರೆ ಹಾನಿಯೇನು? ಕೈಪಿಡಿಯ ಪ್ರತಿಯೊಂದು ವಾಕ್ಯವೂ ಓದುಗನಿಗೆ ಕೊಟ್ಟ ವಚನ. ಓದಿದವನು ಅದನ್ನು ನಂಬಿ ತನ್ನ ಕೆಲಸ ಕಟ್ಟಿಕೊಳ್ಳುತ್ತಾನೆ. ಮುಂದಿನ ಆವೃತ್ತಿಯಲ್ಲಿ ಆ ಆಯ್ಕೆಯನ್ನು ತೆಗೆದರೆ ಅವನ ಕೆಲಸ ಕೆಡುತ್ತದೆ. ಉಳಿಸಿದರೆ ಕಂಪೈಲರನ್ನು ಸುಧಾರಿಸುವವರ ಕೈ ಕಟ್ಟಿದಂತಾಗುತ್ತದೆ.

ಆದುದರಿಂದಲೇ ಜಿಸಿಸಿಗೆ ಬಳಕೆದಾರರ ಕೈಪಿಡಿ ಬೇರೆ, ಒಳರಚನೆಯ ಕೈಪಿಡಿ ಬೇರೆ. ಕೆಲವು ಆಯ್ಕೆಗಳಿಗೆ ‘ದಾಖಲಿಸತಕ್ಕದ್ದಲ್ಲ’ ಎಂಬರ್ಥದ ಗುರುತನ್ನೇ ಹಚ್ಚಿ, ಸಹಾಯಪಟ್ಟಿಯಿಂದ ಹೊರಗಿಡುವ ವ್ಯವಸ್ಥೆಯಿದೆ. ‘ಪ್ಯಾರಾಮ್’ ಗುಂಪು ಬಳಕೆದಾರರ ಕೈಪಿಡಿಯಲ್ಲಿದ್ದರೂ, ಮುನ್ಸೂಚನೆಯಿಲ್ಲದೆ ಬದಲಾದೀತೆಂಬ ಎಚ್ಚರಿಕೆ ಅದರೊಡನೆ ಇದೆ. ರಸ್ಟ್ ಭಾಷೆಯ ಕಂಪೈಲರಿನಲ್ಲಿ ‘ಝಡ್’ ಗುಂಪಿನ ಆಯ್ಕೆಗಳು ಪ್ರಾಯೋಗಿಕ ಆವೃತ್ತಿಗೆ ಮೀಸಲು. ಸ್ಥಿರ ಆವೃತ್ತಿ ಅವನ್ನು ಒಪ್ಪುವುದಿಲ್ಲ. ಹೊರಗಿಡುವುದೆಂದರೆ ಬಚ್ಚಿಡುವುದಲ್ಲ, ಬೇಕಾದವರಿಗೆ ತಕ್ಕ ಸ್ಥಳದಲ್ಲಿ ಒದಗಿಸುವುದು.

ವ್ಯಾಕರಣ ಓದುವವರಿಗೆ ಈ ವಿವೇಕ ಹೊಸದಲ್ಲ. ಪಾಣಿನಿಯ ಪದ್ಧತಿಯಲ್ಲಿ ಧಾತು, ಪ್ರತ್ಯಯಗಳಿಗೆ ‘ಇತ್’ ಎಂಬ ಗುರುತಿನ ವರ್ಣಗಳು ಸೇರಿರುತ್ತವೆ. ‘ಡುಕೃಞ್’ ಎಂಬಲ್ಲಿ ‘ಡು’ ಮತ್ತು ‘ಞ್’ ಸೂತ್ರಗಳ ಕೆಲಸಕ್ಕಾಗಿ ಇವೆ. ಕೆಲಸ ಮುಗಿದ ಮೇಲೆ ಅವು ಲೋಪವಾಗಿ, ಪದರಚನೆಗೆ ‘ಕೃ’ ಮಾತ್ರ ಉಳಿಯುತ್ತದೆ. ಶಾಸ್ತ್ರಕಾರನಿಗೆ ಬೇಕಾದುದೆಲ್ಲ ಮಾತನಾಡುವವನಿಗೆ ಬೇಕಾಗುವುದಿಲ್ಲ.

ಕೈಪಿಡಿಯನ್ನು ಬರೆಯುವವರೂ ಅನುವಾದಿಸುವವರೂ ಪ್ರತಿ ವಾಕ್ಯಕ್ಕೆ ಕೇಳಬೇಕಾದ ಪ್ರಶ್ನೆಗಳು ಎರಡು: ಇದು ಓದುಗನ ಕೆಲಸಕ್ಕೆ ಬೇಕೆ? ಈ ವಚನವನ್ನು ನಾಳೆಯೂ ಉಳಿಸಿಕೊಳ್ಳಲು ಸಾಧ್ಯವೆ?

ಅಭ್ಯಾಸ: ಮನೆಯಲ್ಲಿರುವ ಯಾವುದಾದರೊಂದು ಉಪಕರಣದ ಕೈಪಿಡಿಯನ್ನು ಓದಿ, ಬಳಸುವವರಿಗೆ ಬೇಕಾದ ಮತ್ತು ದುರಸ್ತಿ ಮಾಡುವವರಿಗೆ ಮಾತ್ರ ಬೇಕಾದ ವಾಕ್ಯಗಳನ್ನು ಪ್ರತ್ಯೇಕಿಸಿ, ಕಾರಣ ಬರೆಯಿರಿ.