ಉಳಿಕೆ ನೂಲಿನ ಹೊದಿಕೆ: ತಯಾರಿಕೆ, ಕೂಲಿಯ ಲೆಕ್ಕ ಮತ್ತು ಪಂಚಾಯತಿಯ ಪಾತ್ರ

ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ ನೇಕಾರಿಕೆಗೆ ಹೆಸರಾದ ಗ್ರಾಮ. ಮಗ್ಗವಿರುವ ಊರಿನಲ್ಲಿ ನೂಲಿನ ಉಳಿಕೆ ಇದ್ದೇ ಇರುತ್ತದೆ. ಹಾಸು ಮುಗಿದಾಗ ಅಚ್ಚಿನ ಹಿಂದೆ ನೇಯಲಾಗದೆ ನಿಲ್ಲುವ ಎಳೆಗಳು, ಬಣ್ಣ ಬದಲಿಸುವಾಗ ಕಂಡಿಕೆಯಲ್ಲಿ ಅರ್ಧಕ್ಕೇ ಉಳಿಯುವ ಹೊಕ್ಕಿನ ನೂಲು, ತೊಡಕು ಬಿದ್ದು ಬದಿಗಿಟ್ಟ ಲಡಿಗಳು ಇದಕ್ಕೆ ಉದಾಹರಣೆ. ಕುಲಾವಿ, ಸ್ವೆಟರ್, ಬಾಗಿಲ ತೋರಣಗಳನ್ನು ಹೆಣೆದ ಮೇಲೆ ಮನೆಗಳಲ್ಲಿ ಉಳಿಯುವ ಉಲ್ಲನ್ ಉಂಡೆಗಳೂ ಇವುಗಳ ಸಾಲಿಗೆ ಸೇರುತ್ತವೆ. ಇವು ಹಸಿ ಕಸದಲ್ಲಿ ಬೆರೆತರೆ ಗೊಬ್ಬರವನ್ನು ಕೆಡಿಸುತ್ತವೆ. ಚರಂಡಿಗೆ ಬಿದ್ದರೆ ಇತರ ಕಸವನ್ನು ಹಿಡಿದು ಕಟ್ಟಿ ನಿಲ್ಲಿಸುತ್ತವೆ. ಕೃತಕ ನೂಲನ್ನು ಸುಟ್ಟರೆ ಕೆಟ್ಟ ಹೊಗೆ ಏಳುತ್ತದೆ. ಸ್ವಚ್ಛ ಸಂಕೀರ್ಣದ ಕೆಲಸಗಾರರಿಗೆ ಈ ತೊಂದರೆ ಹೊಸದಲ್ಲ.

ಇಂತಹ ಉಳಿಕೆಯಿಂದ ಕ್ರೋಶಾ ಹೊದಿಕೆಯನ್ನು ಹೆಣೆಯಬಹುದು. ಮಹಿಳಾ ಸ್ವಸಹಾಯ ಸಂಘಗಳಿಗೆ ಈ ಕೆಲಸವನ್ನು ಸೂಚಿಸುವ ಮುನ್ನ ಸದಸ್ಯರು ಎರಡು ಸಂಗತಿಗಳನ್ನು ಅರಿತಿರಬೇಕು. ಹೊದಿಕೆ ಹೇಗೆ ಸಿದ್ಧವಾಗುತ್ತದೆ ಎಂಬುದು ಮೊದಲನೆಯದು. ಅದರಲ್ಲಿ ಎಷ್ಟು ದುಡಿಮೆ ಅಡಗಿದೆ ಎಂಬುದು ಎರಡನೆಯದು. ತರಬೇತಿ ಶಿಬಿರಗಳಲ್ಲಿ ಮೊದಲನೆಯದನ್ನು ಕಲಿಸುತ್ತಾರೆ. ಎರಡನೆಯದನ್ನು ಲೆಕ್ಕ ಹಾಕುವವರು ವಿರಳ.

ಕೆಲಸ ಆರಂಭವಾಗುವುದು ವಿಂಗಡಣೆಯಿಂದ. ಎಳೆಯ ತುದಿಗೆ ಬೆಂಕಿ ತಾಗಿಸಿದಾಗ ಹತ್ತಿ ಮತ್ತು ಕೃತಕ ರೇಷ್ಮೆಯ ನೂಲು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಕುರಿಯ ಉಣ್ಣೆಯಿಂದ ಕೂದಲು ಸುಟ್ಟ ವಾಸನೆ ಬರುತ್ತದೆ. ಅಂಗಡಿಯ ಅಕ್ರಿಲಿಕ್ ಉಲ್ಲನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯನ್ನೂ ಅಕ್ರಿಲಿಕ್ಕನ್ನೂ ಒಂದೇ ಹೊದಿಕೆಯಲ್ಲಿ ಬೆರೆಸಬಾರದು. ತೊಳೆದಾಗ ಹತ್ತಿ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗುವುದಿಲ್ಲ, ಹೊದಿಕೆ ಸೊಟ್ಟಗಾಗುತ್ತದೆ. ಬಣ್ಣದ ನೂಲನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಬೇಕು. ಬಣ್ಣ ಬಿಡುವ ಒಂದೇ ಎಳೆ ಇಡೀ ಹೊದಿಕೆಯನ್ನು ಹಾಳುಮಾಡಬಲ್ಲದು.

ಮಗ್ಗದ ನೂಲು ಕ್ರೋಶಾ ಹೆಣಿಗೆಗೆ ಅತಿ ತೆಳು. 40 ನಂಬರಿನ ಒಂಟಿ ನೂಲೆಂದರೆ ಒಂದು ಪೌಂಡಿಗೆ 840 ಗಜದ 40 ಲಡಿಗಳು. ಒಂದು ಕಿಲೋ ನೂಲು ಸುಮಾರು 68 ಕಿಲೋಮೀಟರ್ ಉದ್ದವಿರುತ್ತದೆ. 24 ಎಳೆಗಳನ್ನು ಒಟ್ಟುಗೂಡಿಸಿದರೆ ಕಿಲೋಗೆ ಸುಮಾರು 2.8 ಕಿಲೋಮೀಟರ್ ಬರುವ ದಾರ ದೊರೆಯುತ್ತದೆ; ಅದು 4 ಮಿಲಿಮೀಟರ್ ಕೊಕ್ಕೆಸೂಜಿಗೆ ಹೊಂದುತ್ತದೆ. ಆದರೆ ಹಾಸಿನ ಕೊನೆಯಲ್ಲಿ ಉಳಿಯುವ ಗಿಡ್ಡ ಎಳೆಗಳನ್ನು ಗಂಟು ಹಾಕುತ್ತ ಹೆಣೆಯುವುದು ವ್ಯರ್ಥ ಶ್ರಮ. ಗಂಟು ಬಿಚ್ಚಿದಲ್ಲೆಲ್ಲ ಹೊದಿಕೆ ತೂತಾಗುತ್ತದೆ. ಅಂಥವನ್ನು ದಿಂಬಿಗೆ ತುಂಬಲು ಬಳಸುವುದೇ ಲೇಸು. ಹೆಣಿಗೆಗೆ ಯೋಗ್ಯವಾದವು ಕಂಡಿಕೆಯ ಉಳಿಕೆ, ಲಡಿಗಳು ಮತ್ತು ಉಲ್ಲನ್ ಉಂಡೆಗಳು.

ಚೂರುಪಾರು ನೂಲಿಗೆ ಚೌಕದ ವಿಧಾನವೇ ಹೆಚ್ಚು ಒಗ್ಗುತ್ತದೆ. ಇದರ ಸೂಚನೆಯನ್ನು 1885ರಷ್ಟು ಹಿಂದೆಯೇ ಅಮೆರಿಕದ ‘ಪ್ರೈರೀ ಫಾರ್ಮರ್’ ಎಂಬ ಪತ್ರಿಕೆ ಮುದ್ರಿಸಿತ್ತು. ಅದು ಕಸೂತಿಯ ಪತ್ರಿಕೆಯಲ್ಲ, ರೈತರ ಪತ್ರಿಕೆ ಎಂಬುದು ಗಮನಾರ್ಹ. ನಾಲ್ಕು ಸರಪಳಿ ಕುಣಿಕೆಗಳನ್ನು ಹಾಕಿ ಉಂಗುರವಾಗಿ ಕೂಡಿಸಬೇಕು. ಸೂಜಿಗೆ ಒಮ್ಮೆ ದಾರ ಸುತ್ತಿ, ಉಂಗುರದೊಳಗಿಂದ ದಾರ ಎಳೆದು, ಎರಡೆರಡು ಕುಣಿಕೆಯಂತೆ ಬಿಡಿಸಿದರೆ ಒಂದು ‘ಕಂಬ’ವಾಗುತ್ತದೆ. ಮೂರು ಕಂಬಗಳು ಸೇರಿದರೆ ಒಂದು ಗೊಂಚಲು. ಉಂಗುರದೊಳಗೆ ನಾಲ್ಕು ಗೊಂಚಲು ಹಾಕಿ, ಪ್ರತಿ ಗೊಂಚಲಿನ ಬಳಿಕ ಎರಡು ಸರಪಳಿ ಬಿಟ್ಟರೆ ನಾಲ್ಕು ಮೂಲೆಗಳು ಮೂಡುತ್ತವೆ. ಮುಂದಿನ ಸುತ್ತುಗಳಲ್ಲಿ ಪ್ರತಿ ಮೂಲೆಗೆ ಎರಡು ಗೊಂಚಲು, ನಡುವಿನ ಪ್ರತಿ ಕಂಡಿಗೆ ಒಂದು. ಹೀಗೆ ಸುತ್ತಿನಿಂದ ಸುತ್ತಿಗೆ ನಾಲ್ಕು ಗೊಂಚಲುಗಳು ಹೆಚ್ಚುತ್ತವೆ. ಮೊದಲ ಸುತ್ತಿಗೆ ಒಂದು ಮಾರು ದಾರ ಸಾಕು. ಆರನೆಯ ಸುತ್ತಿಗೆ ಮೂರು ನಾಲ್ಕು ಮಾರು ಬೇಕು. ಆದ್ದರಿಂದ ಗಿಡ್ಡ ತುಂಡುಗಳನ್ನು ಒಳಗೂ ಉದ್ದನೆಯವನ್ನು ಹೊರಗೂ ಹಾಕಿದರೆ ಉಳಿಕೆ ನೂಲು ಬಹುಪಾಲು ಖರ್ಚಾಗುತ್ತದೆ. ಕೊನೆಯ ಸುತ್ತು ಎಲ್ಲ ಚೌಕಗಳಲ್ಲಿಯೂ ಒಂದೇ ಬಣ್ಣದ್ದಾಗಿದ್ದರೆ ಎಷ್ಟೇ ಬಗೆಯ ಬಣ್ಣಗಳಿದ್ದರೂ ಹೊದಿಕೆಗೆ ಒಂದು ಹದ ಬರುತ್ತದೆ.

ಆರು ಸುತ್ತಿನ ಚೌಕವು ಸುಮಾರು 15 ಸೆಂಟಿಮೀಟರ್ ಅಗಲವಿರುತ್ತದೆ. ಐದು ಚೌಕ ಅಗಲ, ಏಳು ಚೌಕ ಉದ್ದ, ಒಟ್ಟು 35 ಚೌಕಗಳನ್ನು ಕೂಡಿಸಿದರೆ ಮಕ್ಕಳಿಗೆ ಒಪ್ಪುವ 75 ಸೆಂಟಿಮೀಟರ್ ಅಗಲ, 105 ಸೆಂಟಿಮೀಟರ್ ಉದ್ದದ ಹೊದಿಕೆಯಾಗುತ್ತದೆ. ಮೊದಲ ಚೌಕವನ್ನು ತೂಗಿ ನೋಡುವುದು ಜಾಣತನ: ಅದು 10 ಗ್ರಾಂ ಇದ್ದರೆ, ಜೋಡಣೆ ಮತ್ತು ಅಂಚು ಸೇರಿ ಅರ್ಧ ಕಿಲೋ ನೂಲು ಸಾಕಾಗುತ್ತದೆ. ಆದರೆ ಪ್ರತಿ ಸುತ್ತಿಗೂ ಬಣ್ಣ ಬದಲಿಸಿದರೆ ಒಂದು ಚೌಕದಲ್ಲಿ 12 ತುದಿಗಳು, 35 ಚೌಕಗಳಲ್ಲಿ 420 ತುದಿಗಳು. ಒಂದೊಂದನ್ನೂ ಗೇಣುದ್ದ ಬಿಟ್ಟು, ಅತ್ತಿತ್ತ ಎರಡು ದಿಕ್ಕಿಗೂ ಹೊಲಿದು ಮರೆಮಾಡದಿದ್ದರೆ ನಾಲ್ಕನೆಯ ಒಗೆತಕ್ಕೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಹೆಣೆಯುವಾಗಲೇ ತುದಿಯನ್ನು ಮುಂದಿನ ಗೊಂಚಲಿನೊಳಗೆ ಮುಚ್ಚಿಕೊಂಡು ಹೋದರೆ ಅರ್ಧ ಕೆಲಸ ತಪ್ಪುತ್ತದೆ.

‘ಕೂಸಿನ ಮನೆ’ಗೋ ಅಂಗನವಾಡಿಗೋ ಕೊಡುವ ಹೊದಿಕೆಯಾದರೆ ಎಚ್ಚರ ಇನ್ನಷ್ಟು ಬೇಕು. ಸಡಿಲವಾದ ಎಳೆ ಎಳೆಗೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಲ್ಲಬಹುದು. ಒಂದು ವರ್ಷದೊಳಗಿನ ಶಿಶು ಮಲಗಿರುವಾಗ ಸಡಿಲ ಹೊದಿಕೆಯನ್ನೇ ಹೊದಿಸಬಾರದು. ಅಕ್ರಿಲಿಕ್ ಹೊದಿಕೆಯನ್ನು ಒಲೆಯ ಬಳಿ ಬಳಸಬಾರದು. ಕರಗಿದ ನೂಲು ಚರ್ಮಕ್ಕೆ ಅಂಟುತ್ತದೆ.

ಇನ್ನು ದುಡಿಮೆಯ ಲೆಕ್ಕ. ಕೈ ಪಳಗಿದ ಮಹಿಳೆಗೆ ಒಂದು ಚೌಕಕ್ಕೆ ಅರ್ಧ ಗಂಟೆ ಹಿಡಿಯುತ್ತದೆ ಎಂದು ಇಟ್ಟುಕೊಂಡರೆ 35 ಚೌಕಗಳಿಗೆ ಹದಿನೇಳೂವರೆ ಗಂಟೆ. ತುದಿ ಮುಚ್ಚಲು, ಕೂಡಿಸಲು, ಅಂಚು ಕಟ್ಟಲು ಇನ್ನೂ ನಾಲ್ಕೂವರೆ ಗಂಟೆ. ಒಟ್ಟು 22 ಗಂಟೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಎರಡೂಮುಕ್ಕಾಲು ದಿನ. 2025-26ನೇ ಸಾಲಿನಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅದನ್ನೇ ಅಳತೆಗೋಲಾಗಿ ಹಿಡಿದರೆ ಒಂದು ಮಕ್ಕಳ ಹೊದಿಕೆಯ ಕೂಲಿಯೇ ಸಾವಿರ ರೂಪಾಯಿ ಮೀರುತ್ತದೆ. ದೊಡ್ಡವರ ಹೊದಿಕೆಗೆ 140 ಚೌಕಗಳು ಬೇಕು. ಕೂಲಿ ನಾಲ್ಕು ಪಟ್ಟು. ಗಿರಣಿಯ ಚಾದರದೊಡನೆ ಸಂತೆಯಲ್ಲಿ ಬೆಲೆಯ ಪೈಪೋಟಿ ನಡೆಸಲು ಇದಕ್ಕೆ ಸಾಧ್ಯವಿಲ್ಲ. ನೂಲು ಪುಕ್ಕಟೆಯಾಗಿ ಬಂದಿತೆಂದು ಹೊದಿಕೆಯನ್ನು ಅಗ್ಗಕ್ಕೆ ಮಾರಿದರೆ ಕಡಿತವಾಗುವುದು ಮಹಿಳೆಯರ ಕೂಲಿ.

ಇದು ಬರಿಯ ಅನುಮಾನವಲ್ಲ. ಆಂಧ್ರಪ್ರದೇಶದ ನರಸಾಪುರದ ಸುತ್ತಮುತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕ ಕ್ರೋಶಾ ಲೇಸಿನ ಕಸುಬು ಬೇರೂರಿತು. ಲೇಸು ವಿದೇಶಗಳಿಗೆ ರಫ್ತಾಯಿತು. ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅದನ್ನು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಹೆಣೆಯುವವರನ್ನು ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದು ಬಗೆದದ್ದರಿಂದಲೇ ಅವರಿಗೆ ಅತ್ಯಲ್ಪ ಕೂಲಿ ಕೊಡಲು ಸಾಧ್ಯವಾಯಿತು, ಲಾಭ ವ್ಯಾಪಾರಿಗಳ ಪಾಲಾಯಿತು ಎಂದು ಅವರು ತೋರಿಸಿದರು. ‘ಮನೆಗೆಲಸ ಮುಗಿಸಿ ಕುಳಿತಾಗ ಮಾಡಿಕೊಳ್ಳಲಿ’ ಎಂಬ ಮಾತು ನಮ್ಮ ಸಭೆಗಳಲ್ಲಿಯೂ ಸಲೀಸಾಗಿ ಕೇಳಿಬರುತ್ತದೆ. ಅದನ್ನು ಆಡುವ ಮುನ್ನ ನರಸಾಪುರವನ್ನು ನೆನೆಯುವುದು ಒಳಿತು.

ಈ ಭಾಗದ ಕೌದಿಯ ರೂಢಿ ಇದಕ್ಕಿಂತ ವಿವೇಕದ್ದು. ಹಳೆಯ ಸೀರೆ, ಧೋತರಗಳನ್ನು ಮನೆಯವರೇ ಕೊಡುತ್ತಾರೆ. ಹೊಲಿಯುವವರು ಹೊಲಿಗೆಯ ಕೂಲಿಯನ್ನು ಮೊದಲೇ ಮಾತಾಡಿಕೊಳ್ಳುತ್ತಾರೆ. ಮಾರಾಟವಾಗದೆ ಉಳಿಯುವ ಭಯ ಅಲ್ಲಿಲ್ಲ. ಉಳಿಕೆ ನೂಲಿನ ಹೊದಿಕೆಗೂ ಇದೇ ಕ್ರಮ ಸೂಕ್ತ. ಉಲ್ಲನ್ ಉಂಡೆಗಳಿರುವ ಮನೆಯವರು ನೂಲು ತಂದುಕೊಡಲಿ, ಚೌಕವೊಂದಕ್ಕೆ ಇಷ್ಟು ಎಂದು ಕೂಲಿ ನಿಗದಿಯಾಗಲಿ, ಮುಂಗಡವಿಲ್ಲದೆ ಸೂಜಿ ಹಿಡಿಯುವುದು ಬೇಡ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಖಾದಿ, ಗ್ರಾಮ ಮತ್ತು ಗುಡಿ ಕೈಗಾರಿಕೆಗಳು 9ನೆಯ ವಿಷಯವಾಗಿವೆ. ಆದ್ದರಿಂದ ಈ ವಿಚಾರ ಪಂಚಾಯತಿಗೆ ಹೊರತಾದುದಲ್ಲ. ಕಸ ಸಂಗ್ರಹದ ವೇಳೆ ನೂಲಿಗೆ ಪ್ರತ್ಯೇಕ ಚೀಲ ಇಡಿಸಬಹುದು. ಅದನ್ನು ಕಸದ ಗಾಡಿಗೆ ಹಾಕುವ ಮುನ್ನ ಮಗ್ಗದ ಮನೆಯಲ್ಲಿಯೇ ಬೇರ್ಪಡಿಸಿದರೆ ಮಾತ್ರ ನೂಲು ಸ್ವಚ್ಛವಾಗಿ ದೊರೆಯುತ್ತದೆ. ಕಲಿಕೆಗೆ ಅರಿವು ಕೇಂದ್ರದಲ್ಲಿ ಮಧ್ಯಾಹ್ನದ ಎರಡು ಗಂಟೆಗಳ ಜಾಗ ಸಾಕು. ಸಂಜೀವಿನಿಯ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟವು ಮೊದಲ ಐದು ಹೊದಿಕೆಗಳಿಗೆ ತಗುಲಿದ ಗಂಟೆಗಳನ್ನು ವಹಿಯಲ್ಲಿ ದಾಖಲಿಸಿಕೊಳ್ಳಲಿ. ಮೇಲಿನ ಅರ್ಧ ಗಂಟೆಯ ಅಂದಾಜನ್ನು ಆ ವಹಿಯೇ ತಿದ್ದುತ್ತದೆ. ಖರೀದಿ ನಿಯಮಗಳಿಗೆ ಒಳಪಟ್ಟು ಪಂಚಾಯತಿಯೇ ಕೆಲವು ಹೊದಿಕೆಗಳನ್ನು ಕೊಳ್ಳುವುದಾದರೆ, ದರವನ್ನು ಆ ವಹಿಯ ಆಧಾರದ ಮೇಲೆ ಗೊತ್ತುಪಡಿಸಿ ಸಭೆಯ ನಡವಳಿಯಲ್ಲಿ ಬರೆಸಬೇಕು. ಗಂಟೆಯ ಲೆಕ್ಕಕ್ಕೆ ತಕ್ಕ ದರ ಕೊಡಲು ಕೊಳ್ಳುವವರಿಲ್ಲವೆಂದು ತಿಳಿದುಬಂದರೆ, ಮಹಿಳೆಯರು ತಮ್ಮ ಮನೆಯ ಬಳಕೆಗೆ ಹೆಣೆದುಕೊಳ್ಳುವಷ್ಟಕ್ಕೆ ತರಬೇತಿಯನ್ನು ಸೀಮಿತಗೊಳಿಸಿ, ಅದನ್ನು ಜೀವನೋಪಾಯವೆಂದು ಕ್ರಿಯಾಯೋಜನೆಯಲ್ಲಿ ನಮೂದಿಸದಿರುವುದು ಸರಿ.