ಖಾಲ್ಸಾ: ಮಧ್ಯವರ್ತಿಗಳಿಲ್ಲದ ಸಮುದಾಯ

ಅಮೃತ ದೀಕ್ಷೆ ಪಡೆದ ಸಿಖ್ಖರ ಸಮುದಾಯಕ್ಕೆ ಖಾಲ್ಸಾ ಎಂದು ಹೆಸರು. ಹತ್ತನೆಯ ಗುರು ಗೋಬಿಂದ್ ಸಿಂಗ್ ಅವರು 1699ರ ಬೈಸಾಖಿಯಂದು ಪಂಜಾಬಿನ ಆನಂದಪುರದಲ್ಲಿ ಇದನ್ನು ಸ್ಥಾಪಿಸಿದರು.

ಹೆಸರಿನ ಅರ್ಥ

ಉರ್ದು ಮನೆಮಾತಿನವರಾದ ನಮಗೆ 'ಖಾಲಿಸ್' ಪದ ಹೊಸದಲ್ಲ. ಕಲಬೆರಕೆ ಇಲ್ಲದ ತುಪ್ಪಕ್ಕೆ, ಜೇನಿಗೆ ಹಾಗೆನ್ನುತ್ತೇವೆ. ಮೊಘಲರ ಕಂದಾಯ ವ್ಯವಸ್ಥೆಯಲ್ಲಿ ಇದೇ ಮೂಲದ 'ಖಾಲಿಸಾ' ಪದಕ್ಕೆ ಇನ್ನೊಂದು ಅರ್ಥವಿತ್ತು: ಜಾಗೀರುದಾರರ ಕೈಗೆ ಹೋಗದೆ, ಆದಾಯ ನೇರವಾಗಿ ಬಾದಶಹನ ಖಜಾನೆಗೆ ಸೇರುವ ಭೂಮಿ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಈ ಎರಡನೆಯ ಅರ್ಥ ಹೆಚ್ಚು ಮುಖ್ಯವೆನಿಸಿತು. ಸಿಖ್ಖರು ದುಡಿಮೆಯ ಹತ್ತನೇ ಒಂದು ಪಾಲನ್ನು 'ದಸ್ವಂಧ್' ಎಂದು ಕೊಡುತ್ತಾರೆ. ಆಗ ಅದನ್ನು ಸಂಗ್ರಹಿಸಿ ಗುರುವಿಗೆ ತಲುಪಿಸುತ್ತಿದ್ದವರು ಮಸಂದರು. ಕ್ರಮೇಣ ಅವರಲ್ಲಿ ಹಲವರು ಹಣವನ್ನು ತಾವೇ ಇಟ್ಟುಕೊಂಡು ಜನರ ಮೇಲೆ ದರ್ಪ ನಡೆಸತೊಡಗಿದರು. ಗುರುಗಳು ಮಸಂದ್ ಪದ್ಧತಿಯನ್ನೇ ರದ್ದು ಮಾಡಿದರು. ಜನರಿಗೂ ಗುರುವಿಗೂ ನೇರ ಸಂಬಂಧ ಉಂಟಾಯಿತು.

ಒಂದೇ ಬಟ್ಟಲು

ಸಂಪ್ರದಾಯದ ಪ್ರಕಾರ, ಅಂದು ಗುರುಗಳು ಕತ್ತಿ ಹಿಡಿದು ತಲೆ ಕೊಡುವವರು ಯಾರೆಂದು ಕೇಳಿದರು. ಒಬ್ಬೊಬ್ಬರಾಗಿ ಐವರು ಎದ್ದರು. ಅವರಲ್ಲಿ ಖತ್ರಿ, ಜಾಟ್, ನೀರು ಹೊರುವವರು, ಬಟ್ಟೆಗೆ ಅಚ್ಚು ಹಾಕುವವರು, ಕ್ಷೌರಿಕರು ಇದ್ದರು. ಕ್ಷೌರಿಕ ಸಮುದಾಯದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಐವರೂ ಒಂದೇ ಕಬ್ಬಿಣದ ಬಟ್ಟಲಿನಿಂದ ಅಮೃತ ಸ್ವೀಕರಿಸಿದರು. ಬಳಿಕ ಗುರುಗಳು ಅದೇ ಐವರ ಮುಂದೆ ಕೈಜೋಡಿಸಿ ತಾವೂ ದೀಕ್ಷೆ ಪಡೆದರು. ಗುರು ಶಿಷ್ಯರಿಂದ ದೀಕ್ಷೆ ಪಡೆದದ್ದು ಸಣ್ಣ ಮಾತಲ್ಲ. ಇಂದಿಗೂ ದೀಕ್ಷೆ ಕೊಡುವವರು ಪುರೋಹಿತರಲ್ಲ, ಅಮೃತ ಪಡೆದ ಯಾರೇ ಐವರು.

ಪ್ರಭಾವ

ಜಾತಿ ಸೂಚಿಸುವ ಹೆಸರಿನ ಬದಲು ಗಂಡಸರಿಗೆ ಸಿಂಗ್, ಹೆಂಗಸರಿಗೆ ಕೌರ್ ಬಂತು. ಕೇಶ, ಕಂಘಾ, ಕಡಾ, ಕಛೇರಾ, ಕೃಪಾಣ ಎಂಬ ಐದು ಗುರುತುಗಳು ಎಲ್ಲರಿಗೂ ಒಂದೇ ಆದವು. 1708ರಲ್ಲಿ ಗುರು ಗೋಬಿಂದ್ ಸಿಂಗ್ ತೀರಿಕೊಂಡ ಮೇಲೆ ವ್ಯಕ್ತಿಯೊಬ್ಬರು ಗುರುವಾಗಲಿಲ್ಲ; ಗುರು ಗ್ರಂಥ ಸಾಹಿಬ್ ಆ ಸ್ಥಾನ ಪಡೆಯಿತು. ಮುಂದೆ ಹಲವು ಗುರುದ್ವಾರಗಳನ್ನು ಮಹಂತರು ಸ್ವಂತ ಆಸ್ತಿಯಂತೆ ನೋಡತೊಡಗಿದಾಗ ಸಿಖ್ಖರು ಮತ್ತೆ ಹೋರಾಡಿದರು. 1925ರ ಕಾಯ್ದೆಯಿಂದ ಆಡಳಿತ ಚುನಾಯಿತ ಸಮಿತಿಗೆ ಬಂತು. ಮಹಿಳೆಯರಿಗೂ ಮತದ ಹಕ್ಕು ಸಿಕ್ಕಿತು.

ಆದರೂ ಜಾತಿ ಪೂರ್ತಿ ಹೋಗಿಲ್ಲ. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತ ಸಿಖ್ಖರಿಗೆ ಬೇರೆ ಗುರುದ್ವಾರ, ಬೇರೆ ಸ್ಮಶಾನಗಳಿವೆ. ಇದನ್ನು ಓದಿ ಅವರತ್ತ ಮಾತ್ರ ಬೆರಳು ತೋರಿಸುವಂತಿಲ್ಲ. ನಮಾಜಿನ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಮ್ಮಲ್ಲೂ ಮದುವೆಯ ಮಾತು ಬಂದರೆ ಮೊದಲು ಕೇಳುವುದು ಬಿರಾದರಿಯನ್ನೇ. ಸಮಾನತೆ ಪ್ರಾರ್ಥನೆಯ ಜಾಗದಿಂದ ಮನೆಯವರೆಗೂ ಬರಬೇಕು. ಆ ಕೆಲಸ ಅವರಿಗೂ ಬಾಕಿ ಇದೆ, ನಮಗೂ ಬಾಕಿ ಇದೆ.