ಏರು ಹತ್ತುವ ಮುನ್ನ ಒಂದು ಮಾತು

ಬಸವಕಲ್ಯಾಣ, ಹುಮನಾಬಾದಿನಿಂದ ಮೊದಲ ಟ್ರಯಥ್ಲಾನಿಗೆ ಹೊರಟಿರುವ ಮಕ್ಕಳೇ, ನಿಮ್ಮ ಹುರುಪು ಕಂಡು ಸಂತೋಷವಾಗುತ್ತದೆ. ಈಜಿ, ಮೈ ಒರೆಸಿಕೊಳ್ಳಲೂ ನಿಲ್ಲದೆ ಸೈಕಲ್ ಹತ್ತಿ, ಇಳಿದ ಕೂಡಲೇ ಓಡುವ ಈ ಸ್ಪರ್ಧೆ ಒಲಿಂಪಿಕ್ಸಿಗೆ ಸೇರಿದ್ದೇ 2000ದಲ್ಲಿ, ಸಿಡ್ನಿಯಲ್ಲಿ. ಅದು ನಿಮ್ಮ ಕೈಗೆಟುಕದ್ದೇನಲ್ಲ. ಆದರೆ ಗೋವಾದ ಫೋಟೋ ನೋಡಿ ಸೀದಾ ಅಲ್ಲಿಗೇ ಹೆಸರು ಕೊಡುವ ಚಾಳಿ ನನಗೆ ಹಿಡಿಸುವುದಿಲ್ಲ. 2019ರಲ್ಲಿ ಗೋವಾದಲ್ಲಿ ಶುರುವಾದ ಅರ್ಧ ಐರನ್‌ಮ್ಯಾನ್ ಎಂದರೆ ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಮೇಲೆ 21.1 ಕಿ.ಮೀ. ಓಟ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮೊದಲ ಸಲಕ್ಕೆ ಸ್ಪ್ರಿಂಟ್ ದೂರ ಸಾಕು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಸೈಕಲ್ಲಿನ ಪಾಲು ಬಸವಕಲ್ಯಾಣದಿಂದ ಹುಮನಾಬಾದಿನ ತನಕವೂ ಆಗುವುದಿಲ್ಲ. ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನಿನಲ್ಲಿ ಮೂರು ದಿನಕ್ಕೆ 10 ಕಿ.ಮೀ. ಈಜಿ, 420 ಕಿ.ಮೀ. ಸೈಕಲ್ ತುಳಿದು, 84 ಕಿ.ಮೀ. ಓಡಿದರು. ಅವರೂ ಅದಕ್ಕಿಂತ ಚಿಕ್ಕ ಸ್ಪರ್ಧೆಗಳಲ್ಲಿ ಪಳಗಿಯೇ ಅಲ್ಲಿಗೆ ಹೋದವರು.

ಮೊದಲು ನೀರಿನ ಮಾತು. ರಸ್ತೆಯಲ್ಲಿ ದಣಿದರೆ ಮರದ ನೆರಳಿಗೆ ಕೂರಬಹುದು. ನೀರಿನಲ್ಲಿ ಕೂರಲು ಜಾಗವಿಲ್ಲ. ಬಾವಿಗೆ ಧುಮುಕಿ ಎರಡು ಸುತ್ತು ಕೈ ಬಡಿದವರು ತಮಗೆ ಈಜು ಬರುತ್ತದೆ ಅಂದುಕೊಳ್ಳುತ್ತೀರಿ. ನಿಲ್ಲದೆ 750 ಮೀಟರ್ ಹೋಗುವುದು ಬೇರೆಯೇ ವಿದ್ಯೆ. ಅದಕ್ಕೆ ಉಸಿರಿನ ಲಯ ಕೂಡಬೇಕು, ಅದನ್ನು ಕಲಿಸುವವರ ಕಣ್ಣೆದುರೇ ಕಲಿಯಬೇಕು. ವಾರಕ್ಕೆರಡು ಸಲ ಕಲಬುರಗಿಯಂಥ ದೊಡ್ಡ ಊರಿನ ಈಜುಕೊಳಕ್ಕೆ ಹೋಗಿಬರುವುದು ತ್ರಾಸಿನ ಕೆಲಸವೇ. ಆದರೂ ಹೋಗಿ. ದಣಿದಾಗ ಅಂಗಾತ ತೇಲುವುದನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ. ತ್ರಿಪುರಾಂತ ಕೆರೆಗಾಗಲಿ, ಚುಳಕಿ ನಾಲಾ, ಕಾರಂಜಾ ಜಲಾಶಯಗಳ ಹಿನ್ನೀರಿಗಾಗಲಿ ಒಬ್ಬರೇ ಇಳಿಯಬೇಡಿ. ಹಿನ್ನೀರಿನ ತಳದಲ್ಲಿ ಹೂಳಿರುತ್ತದೆ, ಮೀನಿನ ಬಲೆ ಇರುತ್ತದೆ, ಕಾಲಿಗೆ ಜಲಸಸ್ಯ ಸುತ್ತಿಕೊಳ್ಳುತ್ತದೆ. ಗೆಳೆಯನೊಬ್ಬ ದಂಡೆಯ ಮೇಲೆ ಮೊಬೈಲ್ ನೋಡುತ್ತ ಕೂತರೆ ಅದು ಕಾವಲಲ್ಲ. ಹಗ್ಗ ಹಿಡಿದು, ಈಜು ಬಲ್ಲವರು, ನಿಮ್ಮ ಮೇಲೇ ಕಣ್ಣಿಟ್ಟು ನಿಂತಿರಬೇಕು.

ಇನ್ನು ಸೈಕಲ್. ನಮ್ಮದು ಪ್ರಸ್ಥಭೂಮಿ. ಕೆಂಪು ಮುರುಮಿನ ದಿನ್ನೆ ಹತ್ತಿ ಕಪ್ಪು ಎರೆಹೊಲಕ್ಕೆ ಇಳಿಯುವ ದಾರಿಗಳಿವೆ, ಆದರೆ ಗಂಟೆಗಟ್ಟಲೆ ಹತ್ತಿಸುವ ಘಾಟಿಲ್ಲ. ಇಲ್ಲಿನ ಏರು ಹತ್ತಿದ ಮಾತ್ರಕ್ಕೆ ಗುಡ್ಡ ಗೆದ್ದೆನೆಂದು ತಿಳಿಯಬೇಡಿ. ದೂರದ ಬೆಟ್ಟ ನುಣ್ಣಗೆ. ಹಾಗಾದರೆ ಏನು ಮಾಡಬೇಕು? ಊರ ಹತ್ತಿರದ ಒಂದೇ ಏರನ್ನು ಹಿಡಿದು ಮೊದಲ ವಾರ ನಾಲ್ಕು ಸಲ, ಮುಂದೆ ಆರು, ಎಂಟು ಸಲ ಹತ್ತಿ ಇಳಿಯಿರಿ. ಎದುರುಗಾಳಿಯ ದಿನ ಮನೆಯಲ್ಲಿ ಕೂರಬೇಡಿ, ಅದೂ ಒಂದು ಏರೇ. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಭಾರದ ಗೇರಿನಲ್ಲಿ ಎದ್ದು ನಿಂತು ತುಳಿಯುವ ಪೌರುಷ ಮೊಣಕಾಲನ್ನು ತಿನ್ನುತ್ತದೆ. ಸೀಟಿನ ಮೇಲೇ ಕೂತು, ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸುತ್ತು ತಿರುಗುವಂತೆ ತುಳಿಯಿರಿ. ಹತ್ತುವಾಗ ಎರಡು ಮಾತಾಡುವಷ್ಟು ಉಸಿರು ಉಳಿದಿರಬೇಕು. ಪಕ್ಕದವನು ದಾಟಿ ಹೋದನೆಂದು ಬೆನ್ನಟ್ಟಬೇಡಿ. ಮುಂದೆ ಓಟ ಕಾದಿದೆ. ಇಳಿಜಾರಿನಲ್ಲಿ ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನ ನಡುವೆ ಗಕ್ಕನೆ ಹಿಡಿಯಬೇಡಿ.

ಸಸ್ತಾಪುರ ಬಂಗ್ಲಾದಿಂದ ರಾಜೇಶ್ವರ, ಹುಮನಾಬಾದಿನ ಕಡೆಗಿರುವ ರಾಷ್ಟ್ರೀಯ ಹೆದ್ದಾರಿ 65 ನುಣುಪಾಗಿದೆ ಅಂತ ಎಲ್ಲರೂ ಅಲ್ಲಿಗೇ ಓಡುತ್ತೀರಿ. ಪುಣೆ, ಹೈದರಾಬಾದಿನ ಲಾರಿಗಳು ಓಡುವುದೂ ಅಲ್ಲೇ. ಕಬ್ಬು ನುರಿಸುವ ಹಂಗಾಮಿನಲ್ಲಂತೂ ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ನಸುಕಿನಲ್ಲಿ ರಸ್ತೆಯ ಅಂಚಿಗೆ ನಿಂತಿರುತ್ತವೆ. ಬೆಳಕು ಹರಿದ ಮೇಲೆಯೇ ಹೊರಡಿ. ಸೈಕಲ್ಲಿಗೆ ಕೆಂಪು ದೀಪ, ಮೈಮೇಲೆ ಎದ್ದು ಕಾಣುವ ಅಂಗಿ ಇರಲಿ. ಕಿವಿಯಲ್ಲಿ ಹಾಡು ಬೇಡವೇ ಬೇಡ. ಹಳ್ಳಿಯ ಒಳದಾರಿಗಳಲ್ಲಿ ನಾಯಿ, ಎಮ್ಮೆ ಇದ್ದರೂ ಅವೇ ವಾಸಿ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ದಿನಗಳಲ್ಲಿ ಆ ಕಡೆಯ ಸವಾರಿ ಬಿಟ್ಟು ಈಜಿಗೆ ಹೋಗಿ. ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಪೆಡಲ್ ಮುಟ್ಟಬೇಡಿ. ಸ್ಪರ್ಧೆಯಲ್ಲೂ ಪಟ್ಟಿ ಬಿಗಿದ ಮೇಲೆಯೇ ಸ್ಟ್ಯಾಂಡಿನಿಂದ ಸೈಕಲ್ ತೆಗೆಯಬೇಕೆಂಬ ನಿಯಮವಿದೆ, ತಪ್ಪಿದರೆ ದಂಡ.

ಓಟಕ್ಕೆ ಬಂದಾಗ ಕಾಲುಗಳು ಮೊದಲ ಹತ್ತು ನಿಮಿಷ ಮಾತು ಕೇಳುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಸೈಕಲ್ ಇಳಿದ ತಕ್ಷಣ ಕಾಲು ಗಂಟೆ ಓಡಿ ರೂಢಿ ಮಾಡಿಕೊಳ್ಳಿ. ಏರಿನಲ್ಲಿ ಹೆಜ್ಜೆ ಗಿಡ್ಡ ಮಾಡಿ, ನಡೆದರೂ ಅವಮಾನವಿಲ್ಲ. ತೊಡೆ ಹಿಡಿದುಕೊಳ್ಳುವುದು ಬಹಳ ಮಟ್ಟಿಗೆ ಇಳಿಯುವಾಗಿನ ಹೊಡೆತದಿಂದ, ಆದ್ದರಿಂದ ಇಳಿಜಾರಿನ ಓಟವನ್ನೂ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಬೇಕು. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ದೂರ ಏರಿಸಬೇಡಿ. ವಾರದಲ್ಲೊಂದು ದಿನ ಪೂರ್ತಿ ವಿಶ್ರಾಂತಿ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.

ಊಟ ಬಲ್ಲವನಿಗೆ ರೋಗವಿಲ್ಲ. ದುಬಾರಿ ಡಬ್ಬಿಯ ಪುಡಿಗೆ ಹಣ ಸುರಿಯುವ ಬದಲು ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಮೊಸರು ನೆಟ್ಟಗೆ ಉಣ್ಣಿ. ಹಿಂಡಿ, ರೊಟ್ಟಿ ಅರಗಲು ಹೊತ್ತು ಬೇಕು, ಅಭ್ಯಾಸಕ್ಕೆ ಮುಂಚೆ ತಿನ್ನಬೇಡಿ. ಆಗ ಬಾಳೆಹಣ್ಣು ಸಾಕು. ಗಂಟೆಗಿಂತ ಉದ್ದದ ಸವಾರಿಗೆ ಬೆಲ್ಲ, ಖರ್ಜೂರ ಜೇಬಿನಲ್ಲಿರಲಿ. ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮಲ್ಲಿ 40 ಡಿಗ್ರಿ ಮುಟ್ಟುತ್ತದೆ. ಬರೀ ನೀರು ಕುಡಿದರೆ ಸಾಲದು, ಬೆವರಿನಲ್ಲಿ ಹೋದ ಉಪ್ಪೂ ಮರಳಬೇಕು. ಒಆರ್‌ಎಸ್ ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಹೊಸ ಶೂ, ಹೊಸ ಕನ್ನಡಕ, ಹೊಸ ತಿಂಡಿ ಯಾವುದನ್ನೂ ಸ್ಪರ್ಧೆಯ ದಿನ ಮುಟ್ಟಬೇಡಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಹಿರಿಯರು ಬೈಯುತ್ತಿದ್ದದ್ದು ಇದಕ್ಕೇ.

ಈ ತಯಾರಿಗೆ ಕಡಿಮೆಯೆಂದರೂ ನಾಲ್ಕು ತಿಂಗಳು ಬೇಕು. ಸ್ಪರ್ಧೆಗೆ ಎರಡು ವಾರ ಇರುವಾಗ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ: ನಿಲ್ಲದೆ, ಗಾಬರಿಯಾಗದೆ ಪೂರಾ 750 ಮೀಟರ್ ಈಜಲು ಬರುತ್ತದೆಯೇ? ಬಾರದಿದ್ದರೆ ಈ ಸಲ ಬಿಟ್ಟುಬಿಡಿ. ಕಟ್ಟಿದ ಶುಲ್ಕ ಹೋದರೆ ಹೋಗಲಿ, ಗೆಳೆಯರು ನಕ್ಕರೆ ನಗಲಿ. ಮುಂದಿನ ವರ್ಷಕ್ಕೆ ಕಲಿತು ಹೋಗಿ.